ಮಳೆಗಾಲದ ತೇವಕ್ಕೆ ಅಂಚೆಚೀಟಿಗಳು ಒಂದಕ್ಕೊಂದು ಅಂಟಿಕೊಂಡಿವೆಯೇ? ನೀರಿಗೆ ಹಾಕುವ ಮುನ್ನ ಇದನ್ನು ಓದಿ

ನವದೆಹಲಿ: ದೆಹಲಿಗೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 27. ಅದು ಹಿಂದೆ ಸರಿಯುವುದು ಸೆಪ್ಟೆಂಬರ್ 25ರ ಸುಮಾರಿಗೆ. ಈ ಮೂರು ತಿಂಗಳು ಕಳೆದ ಮೇಲೆ ಅಲ್ಮೇರಾದಲ್ಲಿಟ್ಟ ಅಂಚೆಚೀಟಿ ಆಲ್ಬಂ ತೆರೆದವರಿಗೆ ಹಲವು ಬಾರಿ ಕಾಣುವುದು ಒಂದೇ ದೃಶ್ಯ. ಬಿಡಿಬಿಡಿಯಾಗಿದ್ದ ಹೊಸ ಚೀಟಿಗಳು ಒಂದರ ಬೆನ್ನಿಗೆ ಒಂದು ಅಂಟಿ ಗಟ್ಟಿಯಾಗಿರುತ್ತವೆ. ಕೆಲವು ಆಲ್ಬಂ ಹಾಳೆಯನ್ನೇ ಕಚ್ಚಿಕೊಂಡಿರುತ್ತವೆ.

ಆಗ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು: ಉಗುರಿನಿಂದ ಎಬ್ಬಿಸುವುದು ಅಥವಾ ಬಟ್ಟಲು ನೀರಿಗೆ ಹಾಕುವುದು. ಮೊದಲನೆಯದರಲ್ಲಿ ಚೀಟಿ ಹರಿಯುತ್ತದೆ. ಎರಡನೆಯದರಲ್ಲಿ ಚೀಟಿ ಉಳಿಯುತ್ತದೆ, ಆದರೆ ಹಿಂಬದಿಯ ಗೋಂದು ಹೋಗುತ್ತದೆ. ಹೋದ ಗೋಂದು ಮತ್ತೆ ಬರುವುದಿಲ್ಲ. ಹಾಗಾದರೆ ಅಂಟಿದ ಚೀಟಿಗಳನ್ನು ಬಿಡಿಸುವ ಸರಿಯಾದ ಕ್ರಮ ಯಾವುದು? ಗೋಂದು ಕೆಟ್ಟಿದ್ದರೆ ಏನು ಮಾಡಬೇಕು? ಇಲ್ಲಿದೆ ಪೂರ್ಣ ಮಾಹಿತಿ.

ಚೀಟಿಗಳು ಅಂಟಿಕೊಳ್ಳುವುದೇಕೆ?

ಅಂಚೆಚೀಟಿಯ ಹಿಂಬದಿಗೆ ಬಳಿಯುತ್ತಿದ್ದ ಅಂಟು ಬಹುಕಾಲ ಸಸ್ಯಮೂಲದ್ದೇ ಆಗಿತ್ತು. ಜಾಲಿ ಜಾತಿಯ ಮರಗಳಿಂದ ಸಿಗುವ ಗೋಂದು ಮತ್ತು ಪಿಷ್ಟದಿಂದ ತಯಾರಾಗುವ ಡೆಕ್ಸ್‌ಟ್ರಿನ್ ಇವುಗಳಲ್ಲಿ ಮುಖ್ಯವಾದವು. ಈಚಿನ ದಶಕಗಳಲ್ಲಿ ಪಾಲಿವಿನೈಲ್ ಆಲ್ಕೋಹಾಲ್‌ನಂಥ ಕೃತಕ ಅಂಟುಗಳೂ ಬಂದಿವೆ. ನಾಲಿಗೆಗೆ ತಾಗಿಸಿದರೆ ಸಾಕು, ಅಂಟಬೇಕು ಎಂಬುದೇ ಇವುಗಳ ಉದ್ದೇಶ. ಹಾಗಾಗಿ ಗಾಳಿಯಲ್ಲಿರುವ ತೇವವನ್ನೂ ಇವು ಹೀರಿಕೊಳ್ಳುತ್ತವೆ.

ತೇವ ಹೀರಿದ ಗೋಂದು ಮೆತ್ತಗಾಗುತ್ತದೆ. ಮೇಲೆ ನಾಲ್ಕು ಪುಸ್ತಕಗಳ ಭಾರವಿದ್ದರೆ ಪಕ್ಕದ ಚೀಟಿಯ ಮುಖಕ್ಕೆ ಅಂಟಿಕೊಳ್ಳುತ್ತದೆ. ಮಳೆ ನಿಂತು ಗಾಳಿ ಒಣಗಿದಾಗ ಹಾಗೆಯೇ ಗಟ್ಟಿಯಾಗುತ್ತದೆ.

ದೆಹಲಿ, ನೋಯ್ಡಾ, ಗುರುಗ್ರಾಮದ ಮನೆಗಳಲ್ಲಿ ಇನ್ನೊಂದು ಕಾರಣವೂ ಇದೆ. ಅದೇ ಕೂಲರ್. ಮೇ ತಿಂಗಳ ಒಣ ಸೆಕೆಯಲ್ಲಿ ಹುಲ್ಲಿನ ಪ್ಯಾಡ್‌ಗೆ ನೀರು ಹಾಯಿಸಿ ಗಾಳಿ ಬೀಸುವ ಈ ಕೂಲರ್ ಕೋಣೆಯ ತೇವವನ್ನು ಏರಿಸುತ್ತದೆ. ಹೊರಗೆ ಒಣಹವೆ ಇದ್ದರೂ ಕೂಲರ್ ಇರುವ ಕೋಣೆಯ ಕಪಾಟಿನಲ್ಲಿ ಚೀಟಿಗಳಿಗೆ ಮಳೆಗಾಲವೇ. ಚಳಿಗಾಲ ಮತ್ತು ಬೇಸಿಗೆಯ ಒಣಹವೆಯಲ್ಲಿ ಅದೇ ಗೋಂದು ಕುಗ್ಗಿ, ಚೀಟಿ ಸುರುಳಿಯಾಗುತ್ತದೆ. ವರ್ಷಕ್ಕೊಮ್ಮೆ ಹಿಗ್ಗಿ, ಒಮ್ಮೆ ಕುಗ್ಗಿ ಗೋಂದಿನಲ್ಲಿ ಬಿರುಕು ಮೂಡುತ್ತದೆ.

ಮೊದಲ ಪ್ರಶ್ನೆ: ಗೋಂದು ಉಳಿಯಬೇಕೇ, ಬೇಡವೇ?

ಯಾವ ವಿಧಾನ ಅನುಸರಿಸಬೇಕು ಎಂಬುದನ್ನು ನಿರ್ಧರಿಸುವುದು ಈ ಒಂದು ಪ್ರಶ್ನೆ. ಮುದ್ರೆ ಬಿದ್ದಿರುವ, ಬಳಸಿದ ಚೀಟಿಗೆ ಗೋಂದಿನ ಹಂಗಿಲ್ಲ. ಅದನ್ನು ನೀರಿನಲ್ಲಿ ನೆನೆಸಬಹುದು. ಆದರೆ ಬಳಸದ ಹೊಸ ಚೀಟಿಯ ಬೆಲೆಯಲ್ಲಿ ಗೋಂದಿಗೂ ದೊಡ್ಡ ಪಾಲಿದೆ.

ಸಂಗ್ರಾಹಕರು ಬಳಸದ ಚೀಟಿಗಳನ್ನು ಮೂರು ದರ್ಜೆಗಳಲ್ಲಿ ನೋಡುತ್ತಾರೆ. ಅಂಚೆ ಕಚೇರಿಯಿಂದ ಬಂದಾಗ ಇದ್ದಂತೆಯೇ ಗೋಂದು ಉಳಿದಿರುವುದು ಮೊದಲನೆಯದು. ಹಿಂದೆ ಆಲ್ಬಂಗೆ ಅಂಟಿಸಲು ಬಳಸುತ್ತಿದ್ದ ಹಿಂಜ್ ಎಂಬ ಸಣ್ಣ ಕಾಗದದ ಗುರುತು ಇರುವುದು ಎರಡನೆಯದು. ಗೋಂದೇ ಇಲ್ಲದ್ದು ಮೂರನೆಯದು. ಮಾರಾಟದ ಪಟ್ಟಿಗಳಲ್ಲಿ ಈ ಮೂರನ್ನೂ ಬೇರೆ ಬೇರೆಯಾಗಿಯೇ ನಮೂದಿಸುತ್ತಾರೆ. ಬೆಲೆಯೂ ಅದರಂತೆ ಇಳಿಯುತ್ತದೆ.

ಸ್ವಾತಂತ್ರ್ಯದ ಮೊದಲ ವಾರ್ಷಿಕೋತ್ಸವದಂದು, 1948ರ ಆಗಸ್ಟ್ 15ರಂದು ಹೊರಬಂದ ಗಾಂಧೀಜಿ ಸರಣಿಯನ್ನೇ ನೋಡಿ. ಒಂದೂವರೆ ಆಣೆ, ಮೂರೂವರೆ ಆಣೆ, 12 ಆಣೆ ಮತ್ತು 10 ರೂಪಾಯಿಯ ಈ ನಾಲ್ಕು ಚೀಟಿಗಳನ್ನು ಸ್ವಿಟ್ಜರ್ಲೆಂಡ್‌ನ ಕೂರ್ವೋಸಿಯೆ ಮುದ್ರಣಾಲಯ ಮುದ್ರಿಸಿತ್ತು. ಇದರ 10 ರೂಪಾಯಿಯ ಚೀಟಿ ಕೊಳ್ಳುವವರು ಮುಖ ನೋಡಿದ ಮರುಕ್ಷಣ ಹಿಂಬದಿ ತಿರುಗಿಸಿ ಗೋಂದು ನೋಡುತ್ತಾರೆ. ಇಂಥ ಚೀಟಿ ಅಂಟಿಕೊಂಡಿದ್ದರೆ ಮನೆಯಲ್ಲಿ ಪ್ರಯೋಗ ಮಾಡುವುದು ಬೇಡ.

ಹಾಗೆಂದು ಅಂಟಿದ ಪ್ರತಿ ಚೀಟಿಯೂ ಲಕ್ಷ ಬಾಳುತ್ತದೆ ಎಂದು ಭಾವಿಸಬೇಕಿಲ್ಲ. ಇದೇ 10 ರೂಪಾಯಿ ಚೀಟಿಯ ಮೇಲೆ 'ಸರ್ವಿಸ್' ಎಂದು ಅಚ್ಚೊತ್ತಿದ್ದ ನಾಲ್ಕು ಚೀಟಿಗಳ ಸಾಲು 2017ರಲ್ಲಿ ಬ್ರಿಟನ್ನಿನಲ್ಲಿ 5 ಲಕ್ಷ ಪೌಂಡ್‌ಗೆ ಮಾರಾಟವಾಗಿತ್ತು. ಆದರೆ ಅಂಥವು ಅಚ್ಚಾಗಿದ್ದೇ 100. ಮನೆಗಳಲ್ಲಿ ಸಿಗುವ 1970, 80ರ ದಶಕದ ಸ್ಮರಣಾರ್ಥ ಚೀಟಿಗಳಲ್ಲಿ ಹೆಚ್ಚಿನವು ಲಕ್ಷಾಂತರ ಸಂಖ್ಯೆಯಲ್ಲಿ ಮುದ್ರಣವಾದವು. ಅವುಗಳ ಬೆಲೆ ಹಣಕ್ಕಿಂತ ನೆನಪಿನದು. ಅಂಥ ಚೀಟಿಗಳ ಗೋಂದು ಹೋದರೂ ಚಿತ್ರ ಉಳಿದರೆ ಸಾಕು ಎಂದು ನಿರ್ಧರಿಸುವುದು ತಪ್ಪಲ್ಲ. ನಿರ್ಧಾರ ಮಾತ್ರ ನೀರಿಗೆ ಹಾಕುವ ಮೊದಲೇ ಆಗಿರಬೇಕು.

ನೀರು ತಾಗಿಸಲೇಬಾರದ ಚೀಟಿಗಳು

ಕೆಲವು ಚೀಟಿಗಳ ವಿಷಯದಲ್ಲಿ ಆಯ್ಕೆಯೇ ಇಲ್ಲ. ನೀರು ಮುಟ್ಟಿದರೆ ಚಿತ್ರವೇ ಅಳಿಸಿಹೋಗುತ್ತದೆ.

* ಜಮ್ಮು-ಕಾಶ್ಮೀರ ಸಂಸ್ಥಾನ 1866ರಿಂದ ಹೊರಡಿಸಿದ ಆರಂಭದ ಚೀಟಿಗಳಲ್ಲಿ ಹಲವು ಜಲವರ್ಣದಲ್ಲಿ ಮುದ್ರಣವಾದವು. ನೀರಿಗೆ ಬಿದ್ದರೆ ಬಣ್ಣ ಕರಗುತ್ತದೆ.
* ಬ್ರಿಟನ್ 1880ರ ದಶಕದಲ್ಲಿ ಹೊರತಂದ ತಿಳಿ ನೇರಳೆ ಮತ್ತು ಹಸಿರು ಚೀಟಿಗಳಿಗೆ ಬೇಕೆಂದೇ ಕರಗುವ ಶಾಯಿ ಬಳಸಲಾಗಿತ್ತು. ಮುದ್ರೆಯನ್ನು ತೊಳೆದು ಚೀಟಿಯನ್ನು ಮರುಬಳಸುವವರನ್ನು ತಡೆಯುವುದು ಇದರ ಉದ್ದೇಶ.
* ಭಾರತೀಯ ಅಂಚೆ 2006ರಲ್ಲಿ ಶ್ರೀಗಂಧದ, 2007ರಲ್ಲಿ ಗುಲಾಬಿಯ, 2008ರಲ್ಲಿ ಮಲ್ಲಿಗೆಯ ಪರಿಮಳದ ಚೀಟಿಗಳನ್ನು ತಂದಿತು. 2017ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕಾಫಿ ಪರಿಮಳದ ಚೀಟಿ ಬಿಡುಗಡೆಯಾಯಿತು. ಇವುಗಳನ್ನು ನೆನೆಸುವುದು ಬೇಡ.
* 2011ರ ಫೆಬ್ರವರಿಯಲ್ಲಿ ದೆಹಲಿಯ ಅಂತಾರಾಷ್ಟ್ರೀಯ ಅಂಚೆಚೀಟಿ ಪ್ರದರ್ಶನದ ವೇಳೆ ಬಿಡುಗಡೆಯಾದ ಖಾದಿ ಬಟ್ಟೆಯ ಗಾಂಧಿ ಚೀಟಿಯೂ ಇದೇ ಸಾಲಿಗೆ ಸೇರುತ್ತದೆ. ಅದರ ಮುಖಬೆಲೆ 250 ರೂಪಾಯಿ.
* ಕೈಬರಹದ ಶಾಯಿ, ನೇರಳೆ ಅಥವಾ ಕೆಂಪು ರಬ್ಬರ್ ಮುದ್ರೆ ಬಿದ್ದ ಚೀಟಿಗಳು.

ಇನ್ನೊಂದು ಮುಖ್ಯ ಎಚ್ಚರಿಕೆ. ಹಳೆಯ ಲಕೋಟೆಯ ಮೇಲಿರುವ ಚೀಟಿಯನ್ನು ಬಿಡಿಸಲು ಆತುರಪಡಬೇಡಿ. ಕೆಲಸಕ್ಕಾಗಿ ದೆಹಲಿಗೆ ಬಂದು ನೆಲೆಸಿದ ಅನೇಕ ಕನ್ನಡ ಕುಟುಂಬಗಳ ಪೆಟ್ಟಿಗೆಗಳಲ್ಲಿ ಊರಿನಿಂದ ಬಂದ ಪತ್ರಗಳ ಕಟ್ಟುಗಳಿವೆ. ಊರಿನ ಅಂಚೆ ಕಚೇರಿಯ ಮುದ್ರೆ, ದಿನಾಂಕ, ವಿಳಾಸ, ಚೀಟಿ ಎಲ್ಲವೂ ಸೇರಿದ ಲಕೋಟೆಯೇ ಒಂದು ದಾಖಲೆ. ಚೀಟಿಯನ್ನು ಕಿತ್ತರೆ ಆ ದಾಖಲೆ ಮುಗಿಯಿತು. ಸಂಗ್ರಾಹಕರಿಗೂ ಇಡೀ ಲಕೋಟೆಯೇ ಹೆಚ್ಚು ಪ್ರಿಯ.

ವಿಧಾನ 1: ಫ್ರೀಜರ್

ಗೋಂದು ಉಳಿಯಬೇಕಿದ್ದರೆ ಮೊದಲು ನೀರಿಲ್ಲದ ದಾರಿಯನ್ನೇ ಪ್ರಯತ್ನಿಸಬೇಕು. ತಣ್ಣಗಾದಾಗ ಗೋಂದು ಪೆಡಸಾಗುತ್ತದೆ. ಹಗುರವಾಗಿ ಅಂಟಿದ ಚೀಟಿಗಳು ಆಗ ಬಿಟ್ಟುಕೊಳ್ಳುವ ಸಾಧ್ಯತೆ ಇದೆ.

* ಚೀಟಿಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹೊರತಳ್ಳಿ ಮುಚ್ಚಿ.
* ಕೆಲವು ಗಂಟೆ ಅಥವಾ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ.
* ಹೊರತೆಗೆದ ಕೂಡಲೇ, ಚೀಲದೊಳಗೇ ಇರುವಾಗ ಚೀಟಿಯ ಕಟ್ಟನ್ನು ಬಹಳ ಮೆಲ್ಲಗೆ ಅತ್ತಿತ್ತ ಬಾಗಿಸಿ. ಮೂಲೆ ಎದ್ದರೆ ಮೊಂಡು ಅಂಚಿನ ಇಕ್ಕಳದಿಂದ ಬಿಡಿಸಿ.
* ಬಿಡದಿದ್ದರೆ ಅಲ್ಲಿಗೇ ನಿಲ್ಲಿಸಿ. ತಣ್ಣಗಿರುವಾಗ ಕಾಗದವೂ ಪೆಡಸು. ಬಲ ಹಾಕಿದರೆ ಮುರಿದ ಗೆರೆ ಬೀಳುತ್ತದೆ.

ಒಮ್ಮೆ ತೇವಗೊಂಡು ಪೂರ್ತಿ ಒಂದಾಗಿಹೋದ ಚೀಟಿಗಳಿಗೆ ಈ ವಿಧಾನ ಫಲಿಸುವುದು ಕಡಿಮೆ. ಆದರೂ ಇದರಿಂದ ಹಾನಿ ಕಡಿಮೆ ಎಂಬ ಕಾರಣಕ್ಕೆ ಮೊದಲು ಇದನ್ನೇ ನೋಡಬೇಕು.

ವಿಧಾನ 2: ತೇವದ ಡಬ್ಬಿ

ಯಾವ ತೇವದಿಂದ ಚೀಟಿ ಅಂಟಿತೋ ಅದೇ ತೇವವನ್ನು ನಮ್ಮ ಹಿಡಿತದಲ್ಲಿಟ್ಟುಕೊಂಡು ಬಿಡಿಸುವ ಕ್ರಮವಿದು. ಸಂಗ್ರಾಹಕರ ಅಂಗಡಿಗಳಲ್ಲಿ ಇದಕ್ಕೆಂದೇ 'ಸ್ವೆಟ್ ಬಾಕ್ಸ್' ಎಂಬ ಪೆಟ್ಟಿಗೆ ಸಿಗುತ್ತದೆ. ಮನೆಯ ಡಬ್ಬಿಯೂ ಸಾಕು.

* ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಒದ್ದೆ ಮಾಡಿ ಹಿಂಡಿದ ಸ್ಪಂಜು ಅಥವಾ ಬಟ್ಟೆ ಇಡಿ. ನೀರು ನಿಲ್ಲಬಾರದು.
* ಅದರ ಮೇಲೆ ಪ್ಲಾಸ್ಟಿಕ್ ಜಾಲರಿ ಇಟ್ಟು, ಚೀಟಿಗಳನ್ನು ಜಾಲರಿಯ ಮೇಲಿಡಿ. ಚೀಟಿ ಒದ್ದೆ ಬಟ್ಟೆಗೆ ತಾಗಬಾರದು.
* ಮುಚ್ಚಿ, ಬಿಸಿಲು ಬೀಳದ ಕಡೆ ಇಡಿ. ಅರ್ಧ ಗಂಟೆಗೊಮ್ಮೆ ತೆಗೆದು ನೋಡಿ. ಮುಚ್ಚಳದಲ್ಲಿ ಹನಿ ಕಟ್ಟಿದ್ದರೆ ಒರೆಸಿ. ಇಲ್ಲವಾದರೆ ಹನಿ ಚೀಟಿಯ ಮೇಲೆ ಬಿದ್ದು ಕಲೆಯಾಗುತ್ತದೆ.
* ಗೋಂದು ಮೆತ್ತಗಾದಾಗ ಮೂಲೆ ತಾನಾಗಿ ಏಳುತ್ತದೆ. ಆಗ ಇಕ್ಕಳದಿಂದ ನಿಧಾನವಾಗಿ, ಚೀಟಿಯನ್ನು ಹಿಂದಕ್ಕೆ ಮಡಚದಂತೆ ಬಿಡಿಸಿ.
* ಬಿಡಿಸಿದ ಚೀಟಿಯನ್ನು ಗೋಂದು ಮೇಲಾಗಿ ಒಣಗಲು ಬಿಡಿ. ಗೋಂದು ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಬೇಕರಿ ತಟ್ಟೆಗೆ ಹಾಸುವ, ಅಂಟು ಹಿಡಿಯದ ಕಾಗದದ ನಡುವೆ ಇಟ್ಟು ಪುಸ್ತಕದ ಭಾರ ಹೇರಿ.

ಕೆಲವು ಚೀಟಿಗಳಿಗೆ ಒಂದು ಗಂಟೆ ಸಾಕಾದರೆ, ಮತ್ತೆ ಕೆಲವಕ್ಕೆ ಇಡೀ ರಾತ್ರಿ ಬೇಕಾಗುತ್ತದೆ. ಒಂದು ದಿನಕ್ಕಿಂತ ಹೆಚ್ಚು ಮುಚ್ಚಿಡಬೇಡಿ. ಬೂಸ್ಟು ಹಿಡಿಯುತ್ತದೆ. ಈ ವಿಧಾನದಲ್ಲಿ ಗೋಂದು ಉಳಿದರೂ ಮೊದಲಿನ ನುಣುಪು ಇರುವುದಿಲ್ಲ. ಅಂಗಡಿಯವರು ಇದನ್ನು 'ಕದಡಿದ ಗೋಂದು' ಎಂದೇ ಗುರುತಿಸುತ್ತಾರೆ. ಪೂರ್ತಿ ಗೋಂದು ಕಳೆದುಕೊಳ್ಳುವುದಕ್ಕಿಂತ ಅದು ಮೇಲು.

ವಿಧಾನ 3: ನೀರಿನಲ್ಲಿ ನೆನೆಸುವುದು

ಬಳಸಿದ ಚೀಟಿಗಳಿಗೆ ಮತ್ತು ಗೋಂದು ಬೇಡ ಎಂದು ನಿರ್ಧರಿಸಿದ ಚೀಟಿಗಳಿಗೆ ಇದು ಸುಲಭದ ದಾರಿ.

* ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಳ್ಳಿ. ದೆಹಲಿ ಎನ್‌ಸಿಆರ್‌ನ ಹಲವು ಬಡಾವಣೆಗಳಲ್ಲಿ ಕೊಳವೆ ಬಾವಿಯ ಗಡಸು ನೀರು ಬರುತ್ತದೆ. ಅದರ ಬದಲು ಆರ್‌ಒ ನೀರು ಬಳಸುವುದು ಒಳ್ಳೆಯದು.
* ಒಮ್ಮೆಗೆ ಕೆಲವನ್ನೇ ಹಾಕಿ. 15ರಿಂದ 20 ನಿಮಿಷದಲ್ಲಿ ಚೀಟಿ ತಾನಾಗಿ ಜಾರಬೇಕು. ಜಾರದಿದ್ದರೆ ಇನ್ನಷ್ಟು ಹೊತ್ತು ಬಿಡಿ, ಎಳೆಯಬೇಡಿ.
* ಬಣ್ಣದ ಲಕೋಟೆಯ ತುಂಡಿನ ಮೇಲಿರುವ ಚೀಟಿಗಳನ್ನು ಬೇರೆಯಾಗಿ ನೆನೆಸಿ. ಲಕೋಟೆಯ ಬಣ್ಣ ಬಿಟ್ಟು ಉಳಿದ ಚೀಟಿಗಳಿಗೂ ಹಿಡಿಯುತ್ತದೆ.
* ಬಿಟ್ಟ ಚೀಟಿಯ ಹಿಂಬದಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಜಾರಿದರೆ ಅಂಟು ಇನ್ನೂ ಇದೆ ಎಂದರ್ಥ. ಹೊಸ ನೀರಿನಲ್ಲಿ ಮತ್ತೊಮ್ಮೆ ತೊಳೆಯಿರಿ.
* ಬ್ಲಾಟಿಂಗ್ ಪೇಪರ್ ಮೇಲೆ ಮುಖ ಕೆಳಗಾಗಿ ಹರಡಿ. ಅರೆಬರೆ ಒಣಗಿದಾಗ ಎರಡು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಡಿ. ಸುದ್ದಿಪತ್ರಿಕೆ ಬಳಸಬೇಡಿ, ಅದರ ಮಸಿ ಅಂಟುತ್ತದೆ.

ನಮ್ಮ ಅಂಚೆ ಕಚೇರಿಗಳ ಮೇಜಿನ ಮೇಲೆ ಗೋಂದಿನ ಡಬ್ಬಿ ಇರುವುದು ಗೊತ್ತೇ ಇದೆ. ಚೀಟಿಯ ಸ್ವಂತ ಅಂಟನ್ನು ನಂಬದೆ ಅದನ್ನೇ ದಪ್ಪಗೆ ಬಳಿದಿದ್ದರೆ ನೆನೆಸುವ ಸಮಯ ಹೆಚ್ಚುತ್ತದೆ. ತೊಳೆಯದೆ ಉಳಿದ ಆ ಗೋಂದು ಮುಂದಿನ ಮಳೆಗಾಲದಲ್ಲಿ ಮತ್ತೆ ಅಂಟುತ್ತದೆ.

ವಿದೇಶದ ಸ್ಟಿಕರ್ ಚೀಟಿಗಳು

ಅಮೆರಿಕ, ಬ್ರಿಟನ್ ಮುಂತಾದ ಕಡೆಗಳಿಂದ ಈಗ ಬರುವ ಲಕೋಟೆಗಳ ಮೇಲೆ ಹೆಚ್ಚಾಗಿ ಸ್ಟಿಕರ್‌ನಂತೆ ಕಿತ್ತು ಅಂಟಿಸುವ ಚೀಟಿಗಳಿರುತ್ತವೆ. ಇವುಗಳಲ್ಲಿ ಹಲವುಗಳ ಅಂಟು ನೀರಿಗೆ ಕರಗುವುದಿಲ್ಲ. ಗಂಟೆಗಟ್ಟಲೆ ನೆನೆಸಿದರೆ ಕಾಗದದ ಮೇಲ್ಪದರವೇ ಏಳುತ್ತದೆ. ಕಿತ್ತಳೆ ಸಿಪ್ಪೆಯ ಎಣ್ಣೆ ಆಧಾರಿತ ದ್ರಾವಣದಿಂದ ಬಿಡಿಸಿ, ಹಿಂಬದಿಗೆ ಟಾಲ್ಕಂ ಪೌಡರ್ ಹಚ್ಚುವ ರೂಢಿ ಕೆಲವರಲ್ಲಿದೆ. ಸುತ್ತ ಒಂದಿಷ್ಟು ಕಾಗದ ಬಿಟ್ಟು ಕತ್ತರಿಸಿ ಹಾಗೆಯೇ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಸುರಕ್ಷಿತ.

ಇವನ್ನು ಮಾಡಲೇಬೇಡಿ

ಕುಕ್ಕರ್ ಅಥವಾ ಕೆಟಲ್‌ನ ಹಬೆಗೆ ಹಿಡಿಯುವುದು, ಇಸ್ತ್ರಿ ಪೆಟ್ಟಿಗೆ ಒತ್ತುವುದು, ಮೈಕ್ರೊವೇವ್‌ನಲ್ಲಿಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ. ಹಬೆಯ ತೇವ ಒಂದೇ ಸಮನೆ ಹರಡುವುದಿಲ್ಲ. ಗೋಂದು ಒಂದು ಕಡೆ ಹರಿದು, ಇನ್ನೊಂದು ಕಡೆ ಗಟ್ಟಿಯಾಗಿ ಉಳಿಯುತ್ತದೆ. ಬಿಸಿಗೆ ಚೀಟಿ ಸುರುಳಿಯಾಗುತ್ತದೆ. ಬ್ಲೇಡ್ ತೂರಿಸಿದರೆ ಕಾಗದ ಒಂದು ಕಡೆ ತೆಳುವಾಗುತ್ತದೆ. ಬೆಳಕಿಗೆ ಹಿಡಿದಾಗ ಆ ಜಾಗ ಎದ್ದು ಕಾಣುತ್ತದೆ. ಗೋಂದು ಹೋದ ಚೀಟಿಗಿಂತ ಹೀಗೆ ತೆಳುವಾದ ಚೀಟಿಯ ಬೆಲೆ ಇನ್ನೂ ಕಡಿಮೆ.

ಗೋಂದು ಕೆಟ್ಟಿದ್ದರೆ ಏನು ಮಾಡಬೇಕು?

ಗೋಂದಿನ ತೊಂದರೆಗಳಲ್ಲಿ ಎರಡು ಬಗೆ. ನೋಡಲು ಮಾತ್ರ ಕೆಟ್ಟಿರುವುದು ಒಂದು: ಹೊಳಪು ಹೋದದ್ದು, ಬೆರಳಚ್ಚು, ಹಿಂಜ್ ಗುರುತು, ಸಣ್ಣ ಗೆರೆ. ಇವನ್ನು ಮುಟ್ಟದೆ ಬಿಡುವುದೇ ಸರಿ. ಕಾಗದಕ್ಕೇ ಹಾನಿ ಮಾಡುವುದು ಇನ್ನೊಂದು. ಗೋಂದಿನ ಬಿರುಕು ಆಳವಾಗಿ ಕಾಗದವೂ ಸೀಳುತ್ತಿದ್ದರೆ, ಕಂದು ಚುಕ್ಕೆಗಳು ಮುಖದ ಕಡೆಗೂ ಹಬ್ಬುತ್ತಿದ್ದರೆ ಯೋಚಿಸಬೇಕಾಗುತ್ತದೆ.

ಇದಕ್ಕೆ ಪ್ರಸಿದ್ಧ ನಿದರ್ಶನ ಜರ್ಮನಿಯದು. 1935ರಲ್ಲಿ ಕೋನಿಗ್ಸ್‌ಬರ್ಗ್‌ನ ಒಸ್ಟ್ರೋಪಾ ಪ್ರದರ್ಶನಕ್ಕೆಂದು ಹೊರತಂದ ಕಿರುಹಾಳೆಯ ಗೋಂದಿನಲ್ಲಿ ಗಂಧಕಾಮ್ಲದ ಅಂಶವಿತ್ತು. ಅದು ವರ್ಷಗಳು ಕಳೆದಂತೆ ಕಾಗದವನ್ನೇ ತಿಂದಿತು. ಹಾಗಾಗಿ ಅನೇಕ ಸಂಗ್ರಾಹಕರು ತಾವಾಗಿಯೇ ಗೋಂದನ್ನು ತೊಳೆದು ಹಾಳೆಯನ್ನು ಉಳಿಸಿಕೊಂಡರು. ಗೋಂದು ಅಥವಾ ಕಾಗದ, ಎರಡರಲ್ಲಿ ಒಂದೇ ಉಳಿಯುವುದಾದರೆ ಕಾಗದವನ್ನು ಆರಿಸಿಕೊಳ್ಳಬೇಕು ಎಂಬುದು ಇದರ ಪಾಠ.

ಹಿಂಬದಿಯಲ್ಲಿ ಗೋಂದಿಲ್ಲ ಎಂದ ಮಾತ್ರಕ್ಕೆ ಚೀಟಿ ಕೆಟ್ಟಿದೆ ಎಂದೂ ತೀರ್ಮಾನಿಸಬೇಡಿ. ದೇಶೀ ಸಂಸ್ಥಾನಗಳ ಹಲವು ಚೀಟಿಗಳು ಮುದ್ರಣವಾದಾಗಲೇ ಗೋಂದಿಲ್ಲದೆ ಬಂದಿದ್ದವು.

ಹೊಸ ಗೋಂದು ಬಳಿದರೆ?

ಗೋಂದು ಹೋದ ಚೀಟಿಗೆ ಹೊಸದಾಗಿ ಅಂಟು ಬಳಿದು 'ಅಚ್ಚ ಹೊಸದು' ಎಂದು ಮಾರುವವರಿದ್ದಾರೆ. ಇದು ವಂಚನೆ. ಕೊಳ್ಳುವವರು ಗಮನಿಸಬೇಕಾದದ್ದು ಚೀಟಿಯ ಅಂಚಿನ ಹಲ್ಲುಗಳನ್ನು. ಸಾಮಾನ್ಯವಾಗಿ ಗೋಂದು ಬಳಿದ ಮೇಲೆ ಹಾಳೆಗೆ ರಂಧ್ರ ಹಾಕಲಾಗುತ್ತದೆ. ಹಾಗಾಗಿ ಬಿಡಿಸಿದಾಗ ಹಲ್ಲಿನ ತುದಿಯಲ್ಲಿ ಕಾಗದದ ಮೆತ್ತನೆಯ ಎಳೆಗಳು ಕಾಣಬೇಕು. ಆ ಎಳೆಗಳಿಗೂ ಅಂಟು ಹಿಡಿದು ತುದಿ ಗಡುಸಾಗಿದ್ದರೆ, ಗೋಂದು ಆಮೇಲೆ ಬಳಿದದ್ದು ಎಂಬ ಅನುಮಾನ ಬರಬೇಕು. ದುಬಾರಿ ಚೀಟಿಯಾದರೆ ತಜ್ಞರ ಪ್ರಮಾಣಪತ್ರವಿಲ್ಲದೆ ಕೊಳ್ಳಬೇಡಿ. ನಿಮ್ಮ ಚೀಟಿಯನ್ನು ಮಾರುವಾಗಲೂ ಅಷ್ಟೇ. ತೇವದ ಡಬ್ಬಿಯಲ್ಲಿ ಬಿಡಿಸಿದ್ದರೆ ಅದನ್ನು ಹೇಳಿಯೇ ಮಾರಬೇಕು.

ಆಲ್ಬಂ ಪೂರ್ತಿ ಒದ್ದೆಯಾದರೆ

2023ರ ಜುಲೈ 13ರಂದು ದೆಹಲಿಯಲ್ಲಿ ಯಮುನೆ 208.66 ಮೀಟರ್‌ಗೆ ಏರಿ, 1978ರ 207.49 ಮೀಟರ್‌ನ ದಾಖಲೆಯನ್ನು ಮುರಿದಿತ್ತು. ತಗ್ಗಿನ ಪ್ರದೇಶಗಳ ಮನೆಗಳಿಗೆ ನೀರು ನುಗ್ಗಿತ್ತು. ಪ್ರವಾಹವೇ ಬರಬೇಕೆಂದಿಲ್ಲ, ಗೋಡೆಯ ಸೋರಿಕೆಯೂ ಇಂಥ ಹಾನಿ ಮಾಡಬಲ್ಲದು.

ಒದ್ದೆಯಾದ ಕಾಗದಕ್ಕೆ ಸುಮಾರು 48 ಗಂಟೆಗಳಲ್ಲಿ ಬೂಸ್ಟು ಹಿಡಿಯಲು ಶುರುವಾಗುತ್ತದೆ. ಆಲ್ಬಂ ಅನ್ನು ಮುಚ್ಚಿದ ಸ್ಥಿತಿಯಲ್ಲಿ ಒಣಗಲು ಬಿಟ್ಟರೆ ಇಡೀ ಆಲ್ಬಂ ಒಂದೇ ಗಟ್ಟಿಯಾಗುತ್ತದೆ. ಹಾಳೆಗಳನ್ನು ಬಿಡಿಸಿ, ನಡುವೆ ಬ್ಲಾಟಿಂಗ್ ಪೇಪರ್ ಇಟ್ಟು ಫ್ಯಾನಿನ ಗಾಳಿಯಲ್ಲಿ ಒಣಗಿಸಿ. ಬಿಸಿಲಿಗೆ ಹಾಕಬೇಡಿ. ಒಮ್ಮೆಗೆ ಅಷ್ಟನ್ನೂ ಬಿಡಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರ್‌ನಲ್ಲಿಡಿ. ಬೂಸ್ಟು ಬೆಳೆಯುವುದು ನಿಲ್ಲುತ್ತದೆ, ಕೆಲಸಕ್ಕೆ ಸಮಯ ಸಿಗುತ್ತದೆ. ಒದ್ದೆಯಾದ ಗ್ರಂಥಗಳನ್ನು ಉಳಿಸಲು ದೊಡ್ಡ ಗ್ರಂಥಾಲಯಗಳೂ ಬಳಸುವ ಕ್ರಮವಿದು.

ದೆಹಲಿಯಲ್ಲಿ ಎಲ್ಲಿಗೆ ಹೋಗಬಹುದು?

ಸಂಸದ್ ಮಾರ್ಗದ ಡಾಕ್ ಭವನದಲ್ಲಿ 1968ರಲ್ಲಿ ಆರಂಭವಾದ ರಾಷ್ಟ್ರೀಯ ಅಂಚೆಚೀಟಿ ವಸ್ತುಸಂಗ್ರಹಾಲಯವಿದೆ. ನಿಮ್ಮ ಬಳಿ ಇರುವ ಹಳೆಯ ಚೀಟಿ ಯಾವ ಕಾಲದ್ದು, ಸುಸ್ಥಿತಿಯಲ್ಲಿದ್ದರೆ ಹೇಗೆ ಕಾಣಬೇಕಿತ್ತು ಎಂಬುದನ್ನು ತಿಳಿಯಲು ಇದು ಒಳ್ಳೆಯ ಜಾಗ. ಬೆಲೆಬಾಳುವ ಲಕೋಟೆ ಅಥವಾ ಚೀಟಿಗೆ ವೃತ್ತಿಪರ ಸಂರಕ್ಷಣೆ ಬೇಕಿದ್ದರೆ, ಲೋಧಿ ಎಸ್ಟೇಟ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ವಿಭಾಗದಲ್ಲಿ ವಿಚಾರಿಸಬಹುದು.

ಮತ್ತೆ ಅಂಟದಂತೆ ಹೀಗೆ ಇಡಿ

* ಆಲ್ಬಂಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಪುಸ್ತಕದಂತೆ ನೇರವಾಗಿ, ಬಿಗಿಯಾಗದಂತೆ ನಿಲ್ಲಿಸಿ.
* ಹೊಸ ಚೀಟಿಗಳನ್ನು ಒಂದೇ ಜೇಬಿಗೆ ತುರುಕಬೇಡಿ. ಪೂರ್ತಿ ಹಾಳೆಗಳ ನಡುವೆ ನುಣುಪಾದ ಗ್ಲಾಸೀನ್ ಕಾಗದ ಇಡಿ.
* ಹೊರಗೋಡೆಗೆ ತಾಗಿದ ಕಪಾಟು, ಬಚ್ಚಲುಮನೆಯ ಪಕ್ಕದ ಗೋಡೆ, ಕೂಲರ್ ಇರುವ ಕೋಣೆ ಬೇಡ.
* ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಣ್ಣ ಬದಲಾಗುವ ಬಗೆಯದಾದರೆ ಯಾವಾಗ ಬದಲಿಸಬೇಕು ಎಂಬುದು ತಿಳಿಯುತ್ತದೆ.
* ಅಗ್ಗದ ಪಿವಿಸಿ ಪ್ಲಾಸ್ಟಿಕ್ ಹಾಳೆ, ರಬ್ಬರ್ ಬ್ಯಾಂಡ್, ಸೆಲ್ಲೋಟೇಪ್ ಬಳಸಬೇಡಿ.
* ಒದ್ದೆ ಕೈ, ಬೆವರು ಕೈಯಿಂದ ಮುಟ್ಟದೆ ಇಕ್ಕಳ ಬಳಸಿ.
* ಮಳೆ ನಿಂತ ಮೇಲೆ, ಅಕ್ಟೋಬರ್‌ನ ಒಣ ದಿನಗಳಲ್ಲಿ ಒಮ್ಮೆ ಎಲ್ಲ ಆಲ್ಬಂಗಳ ಪುಟ ತಿರುವಿ ಗಾಳಿಯಾಡಿಸಿ.

ಕೊನೆಯದಾಗಿ ಒಂದು ಮಾತು. ಅಂಟಿಕೊಂಡ ಕಟ್ಟಿನಲ್ಲಿ ಯಾವ ಚೀಟಿ ಇದೆ ಎಂಬುದೇ ಗೊತ್ತಿಲ್ಲದಿದ್ದರೆ ಏನನ್ನೂ ಮಾಡದೆ ಒಣ ಜಾಗದಲ್ಲಿಟ್ಟು, ಬಲ್ಲವರಿಗೆ ತೋರಿಸಿ. ಒಣ ಜಾಗದಲ್ಲಿರುವ ಕಟ್ಟು ಒಂದು ವಾರದಲ್ಲಿ ಇನ್ನಷ್ಟು ಕೆಡುವುದಿಲ್ಲ. ಮೊದಲು ಬೆಲೆ ಇಲ್ಲದ ಒಂದೆರಡು ಚೀಟಿಗಳ ಮೇಲೆ ಕೈ ಪಳಗಿಸಿಕೊಂಡು, ಬೇಕಾದದ್ದನ್ನು ಆಮೇಲೆ ಮುಟ್ಟಿ.